ಶೀಟಿನ ಎರಡು ತುದಿ

ಪ್ರಾರ್ಥನೆಯ ಹೊತ್ತಿನಲ್ಲಿ ಒಂದು ಕಣ್ಣನ್ನು ಅರ್ಧ ತೆರೆದು ನೋಡುವ ವಿದ್ಯೆಯನ್ನು ಕಾನ್ವೆಂಟಿನ ಸಿಸ್ಟರ್‌ಗಳು ನನಗೆ ಕಲಿಸಲಿಲ್ಲ. ಅವರ ದೆಸೆಯಿಂದ ನಾನೇ ಕಲಿತದ್ದು. ಆ ವಿದ್ಯೆ ಕೈಕೊಟ್ಟಿದ್ದರೆ, ನಮ್ಮ ದೊಡ್ಡಮ್ಮ ಹೊಸ ಪಾಸ್ಟರನ್ನು ಮನೆಯಿಂದ ಓಡಿಸಿದ್ದಕ್ಕೆ ಸಾಕ್ಷಿಯೇ ಇರುತ್ತಿರಲಿಲ್ಲ.

ಶುಕ್ರವಾರ ಸಂಜೆಯ ಪ್ರಾರ್ಥನಾ ಕೂಟ ಯಾವಾಗಲೂ ದೊಡ್ಡಮ್ಮನ ಮನೆಯಲ್ಲೇ. ಕುರ್ಚಿ ಸಿಕ್ಕವರು ಕುರ್ಚಿಯಲ್ಲಿ, ಸಿಗದವರು ಮಂಚದ ಅಂಚಿನಲ್ಲಿ. ಅಂದು ದೊಡ್ಡಮ್ಮ ನಡುಮನೆಯಲ್ಲಿ ನಿಂತು, ಕಣ್ಣು ಬಿಗಿಯಾಗಿ ಮುಚ್ಚಿ, ಬಲಗೈ ಚಾಚಿ ಗುಡುಗಿದರು: "ತೊಲಗು ಸೈತಾನನೇ! ಈ ಮನೆಯಿಂದ ಹೊರಗೆ ಹೋಗು! ಈಗಲೇ ಹೋಗು!"

ಅದೇ ಕ್ಷಣಕ್ಕೆ ಬಾಗಿಲು ತೆರೆದು ಪಾಸ್ಟರ್ ಒಳಗೆ ಕಾಲಿಟ್ಟರು. ಸಭೆಗೆ ಹೊಸಬರು, ಆ ಮನೆಗೆ ಮೊದಲ ಭೇಟಿ. ಒಂದು ಶೂ ಬಿಚ್ಚಿ ಕೈಯಲ್ಲಿ ಹಿಡಿದಿದ್ದರು. ದೊಡ್ಡಮ್ಮನ ತೋರುಬೆರಳು ನೇರವಾಗಿ ಅವರ ಟೈಗೆ ಗುರಿಯಿಟ್ಟಿತ್ತು. ಪಾಸ್ಟರ್ ಬೆರಳನ್ನು ನೋಡಿದರು, ಹಿಂದೆ ಬೇರೆ ಯಾರಾದರೂ ನಿಂತಿದ್ದಾರೋ ಎಂದು ತಿರುಗಿ ನೋಡಿದರು. ಯಾರೂ ಇರಲಿಲ್ಲ. ಶೂ ಮತ್ತೆ ಹಾಕಿಕೊಂಡು, ಬಾಗಿಲನ್ನು ಮೆಲ್ಲಗೆ ಎಳೆದುಕೊಂಡು ಹೋದರು. ಚಿಲಕ ಟಕ್ಕೆಂದಿತು.

"ಕೇಳಿಸ್ತಾ?" ದೊಡ್ಡಮ್ಮ ಕಣ್ಣು ತೆರೆದು ಗೆಲುವಿನಿಂದ ಹೇಳಿದರು. "ಹೋದ!"

"ದೊಡ್ಡಮ್ಮಾ, ಹೋಗಿದ್ದು ಪಾಸ್ಟರು," ಎಂದೆ ನಾನು.

ಮೆಟ್ಟಿಲ ಕೊನೆಯಲ್ಲಿ ಅವರನ್ನು ಹಿಡಿದು ತಂದದ್ದಾಯಿತು. ದೊಡ್ಡಮ್ಮನ ಮುಖ ಬೇಯಿಸಿದ ಬೀಟ್‌ರೂಟ್. ಪಾಸ್ಟರ್ ಮಾತ್ರ ನಗುತ್ತಿದ್ದರು. "ಬಿಡಿ ಅಮ್ಮಾ. ನಾನಾದ್ರೆ ಹೋಗು ಅಂದ್ರೆ ಹೋಗ್ತೀನಿ. ಅವನು ಅಷ್ಟು ಮರ್ಯಾದಸ್ಥ ಅಲ್ಲ."

ಕಾಫಿ ಕುಡಿಯುತ್ತಾ ಸುಮ್ಮನೆ ವಿಚಾರಿಸಿದರು: "ಅಷ್ಟು ಜೋರಾಗಿ ಯಾರ ಒಳಗಿರೋನನ್ನ ಓಡಿಸ್ತಿದ್ರಿ?"

"ನನ್ನ ಓರಗಿತ್ತಿ ಒಳಗಿರೋನನ್ನ."

"ಅವರು ಇಲ್ಲೇ ಇದ್ದಾರಾ?"

"ಅಯ್ಯೋ ಇಲ್ಲಪ್ಪ, ಅವಳು ನಮ್ಮನೆಗೆ ಕಾಲಿಟ್ಟು ಎಷ್ಟೋ ಕಾಲ ಆಯ್ತು."

"ಓ," ಎಂದರು ಪಾಸ್ಟರ್. "ಈ ಮನೆಯಿಂದ ಹೋಗು ಅಂದ್ರಲ್ಲ, ಅದಕ್ಕೇ ಕೇಳಿದೆ."

ಅಷ್ಟೇ ಹೇಳಿ ಬಿಸ್ಕತ್ತನ್ನು ಕಾಫಿಗೆ ಅದ್ದಿದರು. ಬಿಸ್ಕತ್ತು ಮುರಿದು ಕಪ್ಪಿನೊಳಗೆ ಬಿತ್ತು. ಅದನ್ನು ಚಮಚದಲ್ಲಿ ಹುಡುಕುವ ಕೆಲಸದಲ್ಲಿ ಅವರು ಮುಳುಗಿಹೋದರು; ದೊಡ್ಡಮ್ಮ ಯೋಚನೆಯಲ್ಲಿ ಮುಳುಗಿದರು.

ಈ ಓರಗಿತ್ತಿಯ ಕತೆ ಹೇಳಬೇಕು. ದೊಡ್ಡಮ್ಮ ಮನೆಗೆ ಹಿರಿಯ ಸೊಸೆ. ಓರಗಿತ್ತಿ, ಅಂದರೆ ಮೈದುನನ ಹೆಂಡತಿ, ಕಿರಿಯಳು. ಇಬ್ಬರಿಗೂ ಆಸ್ಪತ್ರೆಯ ಲಾಂಡ್ರಿಯಲ್ಲಿ ಕೆಲಸ. ಕಿರಿಯವಳನ್ನು ಕರೆದುಕೊಂಡು ಹೋಗಿ ಸೇರಿಸಿದ್ದೂ ದೊಡ್ಡಮ್ಮನೇ. ನೆಲಮಾಳಿಗೆಯ ಉದ್ದನೆಯ ಕೋಣೆ, ಯಾವಾಗಲೂ ಹಬೆ, ಯಾವಾಗಲೂ ಸೋಪಿನ ವಾಸನೆ. ವಾರ್ಡುಗಳಿಂದ ಬರುವ ಶೀಟುಗಳು ಒಗೆದು, ರೋಲರಿನಲ್ಲಿ ಒಣಗಿ, ಬಿಸಿಬಿಸಿಯಾಗಿ ಮೇಜಿಗೆ ಬರುತ್ತವೆ. ಅಲ್ಲಿಂದ ಮುಂದಿನದು ಕೈಕೆಲಸ. ಶೀಟನ್ನು ಒಬ್ಬರೇ ಮಡಚಲಾಗದು. ಇಬ್ಬರು ಎರಡು ತುದಿ ಹಿಡಿದು ದೂರ ನಿಂತು ಜಗ್ಗಬೇಕು, ಒಮ್ಮೆ ಕೊಡವಬೇಕು, ಆಮೇಲೆ ಒಬ್ಬರ ಕಡೆಗೆ ಒಬ್ಬರು ನಡೆದು ಬಂದು ಮೂಲೆಗಳನ್ನು ಕೈಗೆ ಕೈ ದಾಟಿಸಬೇಕು. ಮತ್ತೆ ಹಿಂದೆ, ಮತ್ತೆ ಮುಂದೆ. ಸುಕ್ಕಿದ್ದರೆ ರೋಗಿಯ ಬೆನ್ನಿಗೆ ಒತ್ತುತ್ತದೆ ಎಂದು ಅಲ್ಲಿನ ಮೇಲ್ವಿಚಾರಕರು ಪ್ರತಿ ಮಡಿಕೆಯನ್ನೂ ಅಂಗೈಯಿಂದ ಸವರಿ ನೋಡುತ್ತಾರೆ. ಅವರ ಹಣೆಯ ತುಂಬ ಸುಕ್ಕು. ಎಲ್ಲರೂ ಅವರನ್ನು ಸುಕ್ಕಪ್ಪ ಎನ್ನುತ್ತಾರೆ, ಹಿಂದಿನಿಂದ.

ಹೀಗೆ ದಿನವಿಡೀ ಜಗ್ಗಾಡುತ್ತಲೇ ಅನ್ಯೋನ್ಯವಾಗಿದ್ದವರ ನಡುವೆ ಜಗಳ ಬಂದದ್ದು ಅತ್ತೆಯ ಸಾವಿನಲ್ಲಿ. ಹಾಸಿಗೆ ಹಿಡಿದ ಅತ್ತೆಯನ್ನು ನೋಡಿಕೊಂಡವರು ದೊಡ್ಡಮ್ಮ. ಉಣಿಸುವುದು, ಒರೆಸುವುದು, ಮಗ್ಗುಲು ಬದಲಿಸುವುದು ಎಲ್ಲ. ಕೊನೆಯ ದಿನ, ಸ್ನಾನ ಮಾಡಿ ಬರುತ್ತೇನೆಂದು ಓರಗಿತ್ತಿಯನ್ನು ಕೂರಿಸಿ ಹೋದರು. ತಲೆಗೆ ನೀರು ಹಾಕಿಕೊಳ್ಳುತ್ತಿದ್ದಾಗ ಅತ್ತೆ ತೀರಿಕೊಂಡರು. ಹೂಳಿ ಬಂದ ಮೇಲೆ ನೆಂಟರೆಲ್ಲ ಓರಗಿತ್ತಿಯನ್ನು ಸುತ್ತುವರಿದು, "ಪುಣ್ಯಾತಗಿತ್ತಿ, ಕೊನೇ ಗಳಿಗೆಯಲ್ಲಿ ನೀನೇ ಇದ್ದೆಯಲ್ಲ, ನಿನ್ನ ಕೈ ಹಿಡಿದೇ ಪ್ರಾಣ ಬಿಟ್ರಂತೆ" ಎಂದು ಹೊಗಳಿದರು. ಅವಳು ತಲೆ ತಗ್ಗಿಸಿ ಕೇಳಿಸಿಕೊಂಡಳೇ ಹೊರತು, ನೋಡಿಕೊಂಡಿದ್ದು ಅಕ್ಕ ಎಂದು ಒಂದು ಮಾತು ಅನ್ನಲಿಲ್ಲ.

ಆ ಒಂದು ಮಾತು ಬರಲಿಲ್ಲವೆಂದು ದೊಡ್ಡಮ್ಮ ಎಲ್ಲ ಮಾತನ್ನೂ ನಿಲ್ಲಿಸಿದರು.

ಮಾತು ನಿಂತರೂ ಶೀಟು ನಿಲ್ಲುವುದಿಲ್ಲವಲ್ಲ. ಮೌನವಾಗಿಯೇ ಮಡಚಿದರು. ಊಟದ ಹೊತ್ತಿನಲ್ಲಿ ಡಬ್ಬಿ ಹಿಡಿದು ಬೆನ್ನಿಗೆ ಬೆನ್ನು ಮಾಡಿ ಕೂತರು. ಒಂದೇ ತೊಂದರೆ: ಎದುರುಬದುರು ಬಂದಾಗ ಬೆರಳಿಗೆ ಬೆರಳು ತಾಗಬಾರದೆಂದು ದೊಡ್ಡಮ್ಮ ಮೂಲೆಗಳನ್ನು ಒಂದು ಕ್ಷಣ ಮೊದಲೇ ಬಿಡುತ್ತಿದ್ದರು. ಶೀಟು ನೆಲಕ್ಕೆ ಬೀಳುತ್ತಿತ್ತು. ನೆಲಕ್ಕೆ ಬಿದ್ದದ್ದು ಮತ್ತೆ ಒಗೆಯಲು. "ಏನ್ರಮ್ಮಾ, ಒಗೆಯೋ ಮೆಷಿನ್ ಮೇಲೆ ನಿಮಗೇನು ದ್ವೇಷ?" ಎಂದು ಸುಕ್ಕಪ್ಪ ಗೊಣಗುತ್ತಿದ್ದರು.

ಚರ್ಚಿನಲ್ಲೂ ಇದೇ ಪಾಡು. ಸಹೋದರಿಯ ಮೇಲೆ ಮುನಿಸು ಇಟ್ಟುಕೊಂಡು ಕರ್ತನ ಮೇಜಿಗೆ, ಅಂದರೆ ಪ್ರಭುಭೋಜನದ ರೊಟ್ಟಿಗೆ, ಕೈ ಚಾಚಬಾರದೆಂದು ದೊಡ್ಡಮ್ಮನಿಗೆ ಗೊತ್ತು. ಮುನಿಸು ಬಿಡಲು ಮನಸ್ಸಿಲ್ಲ, ಸುಳ್ಳು ಭಕ್ತಿಗೆ ಧೈರ್ಯವಿಲ್ಲ. ರೊಟ್ಟಿಯ ತಟ್ಟೆ ಬಂದಾಗಲೆಲ್ಲ ಕೆನ್ನೆ ಹಿಡಿದು "ಹಲ್ಲುನೋವು" ಎಂದು ಪಕ್ಕಕ್ಕೆ ದಾಟಿಸುತ್ತಿದ್ದರು. ತಿಂಗಳುಗಟ್ಟಲೆ ಹಲ್ಲುನೋವು! ಗಾಯನ ತಂಡದವರು ಕನಿಕರಪಟ್ಟು ಒಂದು ದೊಡ್ಡ ಬಾಟಲಿ ಲವಂಗದ ಎಣ್ಣೆ ತಂದುಕೊಟ್ಟರು. ಮುನಿದವರು ಹಲ್ಲು ಕಡಿಯುತ್ತಾರೆ, ಇವರು ಹಲ್ಲು ಹಿಡಿದುಕೊಂಡರು. ಹಸಿವು ಮಾತ್ರ ನಿಜವಾದದ್ದೇ. "ಆ ತಟ್ಟೆ ದಾಟಿಸುವಾಗ ಹೊಟ್ಟೆಯೊಳಗೆ ಏನೋ ಕಿತ್ತ ಹಾಗಾಗುತ್ತೆ ಕಣೇ" ಎಂದು ಒಮ್ಮೆ ನನ್ನ ಹತ್ತಿರ ಹೇಳಿಕೊಂಡಿದ್ದರು.

ಇದಕ್ಕೆಲ್ಲ ಅವರು ಕಂಡುಕೊಂಡ ಪರಿಹಾರ ಯುದ್ಧ. ಓರಗಿತ್ತಿಯೊಳಗೆ ಗರ್ವದ ಆತ್ಮ ಹೊಕ್ಕಿದೆ, ಅದನ್ನು ಹೊರಡಿಸಿದರೆ ಎಲ್ಲ ಸರಿಹೋಗುತ್ತದೆ ಎಂದು ಶುಕ್ರವಾರದ ಕೂಟವನ್ನೇ ರಣರಂಗ ಮಾಡಿದ್ದರು.

ಪಾಸ್ಟರ್ ಬಂದುಹೋದ ಮರುವಾರ ಸುಕ್ಕಪ್ಪ ಸುದ್ದಿ ತಂದರು. ಊರಿನ ಆ ತುದಿಯ ಹೊಸ ಕಟ್ಟಡದ ಲಾಂಡ್ರಿಗೆ ಒಬ್ಬರು ಬೇಕು. ಓರಗಿತ್ತಿ ತಾನೇ ಹೋಗಿ ಹೆಸರು ಕೊಟ್ಟಿದ್ದಾಳೆ, ತಿಂಗಳ ಕೊನೆಗೆ ಹೊರಡುತ್ತಾಳೆ.

ಕೂಟದ ಹೆಂಗಸರು ಸಂಭ್ರಮಪಟ್ಟರು. "ನೋಡಿದ್ರಾ! ಪ್ರಾರ್ಥನೆಗೆ ಉತ್ತರ ಬಂತು. ಸೈತಾನನಿಗೇ ಟ್ರಾನ್ಸ್‌ಫರ್!"

ದೊಡ್ಡಮ್ಮ ನಗಲಿಲ್ಲ. ಆ ಸಂಜೆ ನಾನು ಪಾತ್ರೆ ತೊಳೆದು ಕೊಡುತ್ತಿದ್ದೆ, ಅವರು ಒರೆಸುತ್ತಿದ್ದರು.

"ಅವನು ನನ್ನ ದನಿಯಲ್ಲೇ ಮಾತಾಡ್ತಾನೆ ಕಣೇ," ಎಂದರು ಇದ್ದಕ್ಕಿದ್ದಂತೆ.

"ಯಾರು?"

"ಅವನೇ. ಶೀಟು ಹಿಡಿದ ತಕ್ಷಣ ಶುರು ಮಾಡ್ತಾನೆ. ದುಡಿದೋಳು ನೀನು, ಹೊಗಳಿಸಿಕೊಂಡೋಳು ಅವಳು ಅಂತ. ಅದರಲ್ಲಿ ಒಂದು ಮಾತೂ ಸುಳ್ಳಲ್ಲ. ಸುಳ್ಳಾಡಿದ್ರೆ ಗದರಿಸಿ ಓಡಿಸಬಹುದಿತ್ತು. ಅವನು ನಿಜವನ್ನೇ ಹೇಳ್ತಾನೆ, ದಿನಾ ಹೇಳ್ತಾನೆ, ಬೇರೆ ಏನೂ ಕೇಳಿಸದ ಹಾಗೆ ಹೇಳ್ತಾನೆ. ನಾನು ಹೋಗಿ ಹೋಗಿ ಅವಳ ಮನೆ ಬಾಗಿಲಿಗೆ ಕಲ್ಲು ಹೊಡೀತಿದ್ದೆ, ಅವನು ಇಲ್ಲಿ ನನ್ನ ಅಡುಗೆಮನೇಲಿ ಕಾಲು ಚಾಚಿಕೊಂಡು ಕೂತಿದ್ದ."

"ಮತ್ತೆ ಪ್ರಾರ್ಥನೆಯಲ್ಲಿ ಬೈಬಲಿನಲ್ಲಿ ಹೇಳಿರೋ ಅಷ್ಟೆಲ್ಲ ಆಯುಧ ಧರಿಸ್ತಿದ್ರಲ್ಲ? ಶಿರಸ್ತ್ರಾಣ, ಗುರಾಣಿ..."

"ಕತ್ತಿ ಒಂದೇ ಚೆನ್ನಾಗಿ ಬೀಸ್ತಿದ್ದೆ. ಕಾಲಿಗೆ ಹಾಕ್ಕೊಳ್ಳೋದು ಸಮಾಧಾನದ ಜೋಡು ಅಂತೆ. ಅದನ್ನ ಬಾಗಿಲಲ್ಲೇ ಬಿಟ್ಟಿದ್ದೆ." ಒರೆಸಿದ ತಟ್ಟೆಯನ್ನೇ ಮತ್ತೆ ಒರೆಸಿದರು. "ಅವಳು ಹೀಗೇ ಹೋಗಿಬಿಟ್ಟರೆ ನನಗೆ ಸಾಯೋವರೆಗೂ ಹಲ್ಲುನೋವೇ."

ಓರಗಿತ್ತಿಯ ಕೊನೆಯ ದಿನದಂದು ನಡೆದದ್ದನ್ನು ದೊಡ್ಡಮ್ಮ ಆಮೇಲೆ ಅಭಿನಯಸಮೇತ ಹೇಳಿದರು. ಬೆಳಗಿನಿಂದ ಬಾಯಿ ತೆರೆಯಬೇಕೆಂದುಕೊಂಡರೂ ಪ್ರತಿ ಶೀಟಿಗೂ ಆ ದನಿ ಎದ್ದು, ಅವಳೇ ಮೊದಲು ಆಡಲಿ ಎನ್ನುತ್ತಿತ್ತಂತೆ. ಮನಸ್ಸಿನಲ್ಲೇ "ಕರ್ತನೇ, ನಾನು ಹೇಳಬೇಕಾದ್ದು ಮರೆತುಹೋಗೋ ಮೊದಲು ನನ್ನ ಕಾಲನ್ನಾದರೂ ನಡೆಸು" ಎಂದುಕೊಂಡು, ಶೀಟು ಹಿಡಿದು ಎದುರಿಗೆ ನಡೆದರು. ಈ ಸಲ ಮೂಲೆಗಳನ್ನು ಬಿಡಲಿಲ್ಲ. ಅವಳ ಬೆರಳುಗಳ ಸಮೇತ ಹಿಡಿದುಕೊಂಡರು.

"ನಿನ್ನ ಮೇಲೆ ಹೊಟ್ಟೆಕಿಚ್ಚು ಇಟ್ಕೊಂಡಿದ್ದೆ ಕಣೇ. ಕ್ಷಮಿಸು. ಅತ್ತೆ ಕೊನೇಲಿ ನಿನ್ನ ಕೈ ಹಿಡಿದ್ರಲ್ಲ, ಅದಕ್ಕೆ."

ಓರಗಿತ್ತಿಯ ಮುಖ ಶೀಟಿನಷ್ಟೇ ಬೆಳ್ಳಗಾಯಿತು. "ನನ್ನ ಕೈ ಅಲ್ಲ ಅಕ್ಕಾ," ಎಂದಳು. "ದೊಡ್ಡೋಳು ಎಲ್ಲಿ ಅಂತ ಕೇಳಿದ್ರು. ಕಣ್ಣು ಕಾಣ್ತಿರಲಿಲ್ಲ. ಭಯಪಡ್ತಾರಲ್ಲ ಅಂತ, ಇಲ್ಲೇ ಇದ್ದೀನಿ ಅತ್ತೆ, ನಾನೇ ದೊಡ್ಡೋಳು ಅಂದೆ. ನಿಮ್ಮ ಕೈ ಅಂತ ಹಿಡ್ಕೊಂಡ್ರು. ಆಮೇಲೆ ಎಲ್ಲರೂ ಹೊಗಳ್ತಿದ್ರೆ ಹೇಗೆ ಹೇಳ್ಲಿ? ನಿಮ್ಮದನ್ನ ಕದ್ದ ಹಾಗಿತ್ತು. ನಿಮ್ಮ ಮುಖ ನೋಡೋಕಾಗದೆ ಹೆಸರು ಕೊಟ್ಟೆ."

ಇಬ್ಬರ ನಡುವೆ ಶೀಟು ಜೋತುಬಿದ್ದಿತ್ತು. ಅದರಲ್ಲೇ ಇಬ್ಬರೂ ಕಣ್ಣೊರೆಸಿಕೊಂಡರು.

ಓರಗಿತ್ತಿ ಮೂಗೆಳೆದು ಕೇಳಿದಳು: "ಶುಕ್ರವಾರ ನನ್ನ ಓಡಿಸ್ತಿದ್ರಂತಲ್ಲ?"

"ನಿನ್ನನ್ನಲ್ಲ, ನಿನ್ನೊಳಗಿರೋನನ್ನ."

"ನಮ್ಮ ಮಂಗಳವಾರದ ಕೂಟದಲ್ಲಿ ನಾವು ನಿಮ್ಮೊಳಗಿರೋ ಕೋಪದ ಆತ್ಮವನ್ನ ಓಡಿಸ್ತಿದ್ವಿ."

ದೊಡ್ಡಮ್ಮ ಯೋಚಿಸಿದರು. "ಅಂದ್ರೆ ಅವನು ಮಂಗಳವಾರ ಅಲ್ಲಿಂದ ಇಲ್ಲಿಗೆ, ಶುಕ್ರವಾರ ಇಲ್ಲಿಂದ ಅಲ್ಲಿಗೆ? ನಾವೇ ಬಸ್ಸು ಹತ್ತಿಸಿ ಕಳಿಸ್ತಿದ್ವಲ್ಲೇ!"

ನಗುವಿನ ಸದ್ದಿಗೆ ಸುಕ್ಕಪ್ಪ ಓಡಿ ಬಂದರು. ಒದ್ದೆ ಶೀಟನ್ನು ಸವರಿ ನೋಡಿ, ಹಣೆಗೆ ಇನ್ನೊಂದು ಸುಕ್ಕು ಸೇರಿಸಿಕೊಂಡು, "ಇದೂ ಒಗೆಯೋಕೆ" ಎಂದು ಬುಟ್ಟಿಗೆ ಎಸೆದರು. ಓರಗಿತ್ತಿ ಅವರ ಹಿಂದೆಯೇ ಹೋಗಿ ಹೆಸರು ವಾಪಸ್ ತೆಗೆದುಕೊಂಡಳು. ಹೊಸ ಕಟ್ಟಡಕ್ಕೆ ಅದರ ಹತ್ತಿರವೇ ಮನೆಯಿದ್ದ ಇನ್ನೊಬ್ಬಾಕೆ ಸಂತೋಷದಿಂದ ಹೋದಳು.

ಭಾನುವಾರ ತಟ್ಟೆ ಬಂದಾಗ ದೊಡ್ಡಮ್ಮ ಕೆನ್ನೆ ಮುಟ್ಟಿಕೊಳ್ಳಲಿಲ್ಲ. ರೊಟ್ಟಿಯನ್ನು ನಿಧಾನವಾಗಿ, ಬಹಳ ದಿನದ ಮೇಲೆ ಮನೆಗೆ ಬಂದವರ ಹಾಗೆ ತಿಂದರು. ಗಾಯನ ತಂಡದವರು ಲವಂಗದ ಎಣ್ಣೆಯನ್ನು ಮೆಚ್ಚಿಕೊಂಡರು.

ಮುಂದಿನ ಶುಕ್ರವಾರ ಕೂಟ ಕಿಕ್ಕಿರಿದಿತ್ತು. ಪಾಸ್ಟರೂ ಬಂದಿದ್ದರು, ಬಾಗಿಲು ತಟ್ಟಿ, ಕರೆದ ಮೇಲೆಯೇ. ದೊಡ್ಡಮ್ಮ ನಡೆದದ್ದನ್ನು ಸಾಕ್ಷಿಯಾಗಿ ಹೇಳಿದರು. ಹೆಂಗಸರು ಕಣ್ಣೊರೆಸಿಕೊಂಡರು. ಮೂಲೆಯಲ್ಲಿ ಕೂತಿದ್ದ ಹೊಸ ಮದುವಣಗಿತ್ತಿಯೊಬ್ಬಳು ಕೈಜೋಡಿಸಿ ಕೇಳಿದಳು: "ಆಂಟೀ, ಹಾಗಾದ್ರೆ ನಿಮ್ಮ ಯುದ್ಧ ಮುಗೀತು, ಅಲ್ವಾ? ಈಗ ಅವನ ಕಾಟ ಏನೂ ಇಲ್ಲ?"

ದೊಡ್ಡಮ್ಮ ಪ್ರಾಮಾಣಿಕವಾಗಿ ಯೋಚಿಸಿದರು.

"ಎಲ್ಲಿ ಮುಗೀತಮ್ಮ," ಎಂದರು. "ಈಗ ಅವಳು ದಿನಾ ಮಧ್ಯಾಹ್ನ ನನ್ನ ಎದುರಿಗೇ ಊಟಕ್ಕೆ ಕೂರ್ತಾಳೆ. ತಿನ್ನುವಾಗ ಏನು ಚಪ್ಪರಿಸ್ತಾಳೆ ಅಂತೀಯ!"