ಖೋಲಿಗಿಂತ ಮೊದಲು ಬಂದ ಬಾಗಿಲು

ಕುಸುಬಿ ಎಣ್ಣೆಯ ವಾಸನೆ ಒಗ್ಗರಣೆಯಿಂದ ಬಂದರೆ ಎಲ್ಲರಂತೆ ನನಗೂ ಹಸಿವಾಗುತ್ತದೆ. ಕಟ್ಟಿಗೆಯಿಂದ ಬಂದರೆ ಮಾತ್ರ ನಮ್ಮ ಮಾವ ನೆನಪಾಗುತ್ತಾರೆ. ಈ ಬೇಸಿಗೆಯ ಆರಂಭದಲ್ಲಿ ಹೈದರಾಬಾದ್ ಕಡೆಯಿಂದ ಹಳೆ ಸಾಮಾನಿನ ವ್ಯಾಪಾರಿಯೊಬ್ಬ ರಾಯಚೂರಿನ ನಮ್ಮ ಮನೆಗೆ ಬಂದಿದ್ದ. ನಡುಮನೆಯ ಪಕ್ಕದ ಸಂದಿಯಲ್ಲಿ ಗೋಡೆಗೆ ಒರಗಿ ನಿಂತಿದ್ದ ಬಾಗಿಲನ್ನು ಮೇಲಿಂದ ಕೆಳಗೆ ನೋಡಿ, ನನ್ನಿಂದ ಒಂದು ಚಮಚ ಎಣ್ಣೆ ಕೇಳಿ ಪಡೆದು, ಅರಿವೆಯ ತುದಿಗೆ ಹಚ್ಚಿ ಒಂದು ಮೂಲೆಯಲ್ಲಿ ತಿಕ್ಕಿದ. ಧೂಳಿನ ಕೆಳಗಿನ ಸಾಗವಾನಿ ಕೆಂಪಗೆ ಹೊಳೆಯಿತು, ವಾಸನೆ ಎದ್ದಿತು. ಅವನು ಬೆಲೆ ಹೇಳಿದ. ಕುರ್ಚಿಯಲ್ಲಿ ಕೂತಿದ್ದ ನನ್ನ ಗಂಡ ಎದ್ದು ನಿಂತರು. ನಾನು ಎಣ್ಣೆಯ ಬಟ್ಟಲು ಹಿಡಿದುಕೊಂಡು ನಿಂತಲ್ಲೇ ನಿಂತೆ.

ಅದು ಯಾವ ಕೋಣೆಯ, ನಮ್ಮ ಕಡೆಯ ಮಾತಿನಲ್ಲಿ ಯಾವ ಖೋಲಿಯ, ಬಾಗಿಲು ಎಂದು ನೀವು ಕೇಳಬಹುದು. ಯಾವ ಕೋಣೆಯದೂ ಅಲ್ಲ.

ನಮ್ಮ ಊರಿನ ಹೊಸ ಬಡಾವಣೆಗಳಲ್ಲಿ ನೀವು ಓಡಾಡಿದ್ದರೆ ಮಾಳಿಗೆಗಳ ಮೇಲೆ ಕಬ್ಬಿಣದ ಸರಳುಗಳು ನಿಂತಿರುವುದನ್ನು ನೋಡಿರುತ್ತೀರಿ. ಕೆಳಗಿನ ಮನೆ ಕಟ್ಟುವಷ್ಟರಲ್ಲೇ ಏದುಸಿರು ಹತ್ತಿರುತ್ತದೆ, ಆದರೂ ಪಿಲ್ಲರಿನ ಸರಳನ್ನು ಒಂದು ಮೊಳ ಮೇಲಕ್ಕೆ ಬಿಟ್ಟೇ ಸ್ಲ್ಯಾಬ್ ಹಾಕಿಸುತ್ತೇವೆ, ಇಂದಲ್ಲ ನಾಳೆ ಮೇಲೊಂದು ಕಟ್ಟುವವರು ಎಂದು ಊರಿಗೆಲ್ಲ ಸಾರಿದ ಹಾಗೆ. ತುಕ್ಕು ಹಿಡಿಯದಿರಲೆಂದು ಅವುಗಳಿಗೆ ಪ್ಲಾಸ್ಟಿಕ್ ಬಾಟಲಿ ಬೋರಲು ಹಾಕುತ್ತೇವೆ. ಅಲ್ಲಿಂದ ಹಗ್ಗ ಕಟ್ಟಿ ಬಟ್ಟೆ ಒಣಗಿಸುತ್ತೇವೆ. ಮಕ್ಕಳು ಹುಟ್ಟಿ ಶಾಲೆ ಮುಗಿಸಿದರೂ ಸರಳುಗಳು ಹಾಗೇ ಇರುತ್ತವೆ. ನನ್ನ ಮದುವೆಯ ಮಾತು ತಂದ ದೂರದ ಸಂಬಂಧಿ ದೇವದುರ್ಗದಲ್ಲಿದ್ದ ನನ್ನ ಅಪ್ಪನಿಗೆ, "ಡಬ್ಬಲ್ ಮನಿ ಅದರಿ, ಮೆಟ್ಟಲಾ ಸೈತ ಅದಾವ" ಎಂದು ಹೇಳಿದ್ದು ಆ ಸರಳುಗಳನ್ನು ನಂಬಿಯೇ. ಅವನ ಮಾತಿನಲ್ಲಿ ಮೆಟ್ಟಿಲ ಸಂಗತಿಯಾದರೂ ನಿಜವಾಗಿತ್ತು.

ಅಪ್ಪ ಮನೆ ನೋಡಲು ಬಂದಾಗ ಮೆಟ್ಟಿಲು ಹತ್ತಿ ಹೋಗಿ, ಬಟಾಬಯಲು ಮಾಳಿಗೆಯ ಮೇಲೆ ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು ನಿಂತರಂತೆ. ಹಿಂದೆಯೇ ಹತ್ತಿದ ನಮ್ಮ ಮಾವ ಕೈಮುಗಿದು, "ಸುಳ್ಳು ಹೇಳಂಗಿಲ್ಲರಿ ಬೀಗರ. ಮ್ಯಾಲ ಏನಿಲ್ಲ. ಬಾಗಲಾ ಮಾತ್ರ ತಂದಿಟ್ಟೀನಿ" ಅಂದರಂತೆ. ಅಪ್ಪ ದೇವದುರ್ಗಕ್ಕೆ ವಾಪಸು ಬಂದು ಅವ್ವನಿಗೆ, "ಮನಿ ಸಣ್ಣದದ, ಖರೆ ಮನಷ್ಯಾ ಖರೆ ಮಾತಾಡತಾನ. ಹುಡಗೀನ ಕೊಡೂಣು" ಎಂದರು. ಹೀಗೆ, ಇಲ್ಲದ ಮನೆಯ ಇದ್ದ ಬಾಗಿಲಿನಿಂದ ನನ್ನ ಮದುವೆ ಗೊತ್ತಾಯಿತು.

ಆದರೆ ಈ ವಿಷಯವನ್ನು ನನಗೆ ಯಾರೂ ಹೇಳಿರಲಿಲ್ಲ. ಮದುವೆಯಾಗಿ ಗಂಡನ ಮನೆಗೆ ನಡೆಯಲು ಬಂದ ಮರುದಿನ ಅತ್ತೆ ಜರಡಿ ತರಲು ಹೇಳಿದರು. ಹೊಸ ಸೊಸೆಯ ಹುರುಪಿನಲ್ಲಿ ನಾನು ಎಲ್ಲಿದೆ ಎಂದು ಕೇಳಲಿಲ್ಲ. ಸಂದಿಯ ಕೊನೆಯಲ್ಲಿ ಹಿತ್ತಾಳೆ ಚಿಲಕದ ದೊಡ್ಡ ಬಾಗಿಲು ಮುಚ್ಚಿತ್ತು. ಇದೇ ಉಗ್ರಾಣವಿರಬೇಕೆಂದು ಚಿಲಕ ಸರಿಸಿ ಎರಡೂ ಕದ ಎಳೆದೆ. ಒಳಗೆ ಗೋಡೆ, ಗೋಡೆಯ ಮೇಲೊಂದು ಹಲ್ಲಿ. ಇಡೀ ಮನೆ ನಕ್ಕಿತು. ಪೇಪರು ಓದುತ್ತಿದ್ದ ಮಾವ ಮಾತ್ರ ನಗದೆ, "ಅವಸರ ಮಾಡಬ್ಯಾಡವಾ. ಆ ಖೋಲಿ ಇನ್ನಾ ಬಂದಿಲ್ಲ" ಅಂದರು. ನಾಳೆ ಬಸ್ಸಿಗೆ ಬರಲಿರುವ ನೆಂಟರ ಬಗ್ಗೆ ಹೇಳುವ ಹಾಗಿತ್ತು ಆ ಮಾತು.

ಮಾವ ಮಾನ್ವಿಯಲ್ಲಿ ಗುಮಾಸ್ತರಾಗಿದ್ದರು. ಅಲ್ಲಿ ಯಾರದೋ ಹಳೆ ಕಾಲದ ದೊಡ್ಡ ವಾಡೆಮನೆ ಕೆಡವುತ್ತಿದ್ದಾಗ ದಾರಿಯಲ್ಲಿ ನಿಂತು ನೋಡಿದರಂತೆ. ನಿಂತದ್ದೇ ತಪ್ಪಾಯಿತು. ಚೌಕಟ್ಟು, ಕದ, ಚಿಲಕ ಎಲ್ಲ ಸೇರಿ ಸಿಗುವ ಬೆಲೆ ಕೇಳಿ, ಹಬ್ಬದ ಬಟ್ಟೆಗೆಂದು ಕಿಸೆಯಲ್ಲಿದ್ದ ದುಡ್ಡು ಕೊಟ್ಟುಬಿಟ್ಟರು. ಹಿರೇಕೊಟ್ನೆಕಲ್ಲಿನಿಂದ ಭತ್ತ ಹೇರಿಕೊಂಡು ಬರುತ್ತಿದ್ದ ಲಾರಿಯನ್ನು ನಿಲ್ಲಿಸಿ, ಚೀಲಗಳ ಮೇಲೆ ಬಾಗಿಲು ಮಲಗಿಸಿ, ಬಾಗಿಲ ಮೇಲೆ ತಾವು ಕೂತು ರಾಯಚೂರಿಗೆ ಬಂದರು. ಅತ್ತೆ ಅಂಗಳಕ್ಕೆ ಬಂದು ನೋಡಿ, "ಮಂದಿ ಮನಿ ಕಟ್ಟಿ ಬಾಗಲಾ ತರ್ತಾರ, ನೀವು ಬಾಗಲಾ ತಂದು ಮನಿ ಹುಡಕತೀರೇನು?" ಅಂದರಂತೆ. ಆ ವರ್ಷ ಮನೆಯಲ್ಲಿ ಯಾರಿಗೂ ಹೊಸ ಬಟ್ಟೆಯಿರಲಿಲ್ಲ. ಈ ಕತೆಯನ್ನು ಅತ್ತೆ ಪ್ರತಿ ದೀಪಾವಳಿಗೆ ಹೇಳುತ್ತಿದ್ದರು, ಮಾವ ಅದನ್ನು ಕೇಳುತ್ತಲೇ ಬಾಗಿಲಿಗೆ ಕುಸುಬಿ ಎಣ್ಣೆ ತಿಕ್ಕುತ್ತಿದ್ದರು.

ಬಾಗಿಲು ಸುಮ್ಮನೆ ಕೂತು ಉಣ್ಣಲಿಲ್ಲ. ನಾದಿನಿಯ ಮದುವೆಯಲ್ಲಿ ಕದಗಳನ್ನು ಬಿಚ್ಚಿ, ಇಟ್ಟಿಗೆಯ ಮೇಲೆ ಮಲಗಿಸಿ ರಾಶಿ ಬದನೆಕಾಯಿ ಹೆಚ್ಚಿದರು. ನೆಂಟರು ಹೆಚ್ಚಾದಾಗ ಅದೇ ಮಂಚ. ಒಂದು ಕದದ ಮೇಲೆ ನನ್ನ ಮಗಳು ಪೆನ್ಸಿಲಿನಿಂದ ಅ ಆ ಇ ಈ ಬರೆದಿದ್ದಾಳೆ, ಈಗಲೂ ಕಾಣುತ್ತದೆ. ಮಧ್ಯಮ ವರ್ಗದ ಮನೆಯಲ್ಲಿ ಯಾವ ವಸ್ತುವೂ ತನ್ನ ಒಂದೇ ಕೆಲಸ ಮಾಡಿಕೊಂಡು ಇರುವಂತಿಲ್ಲ. ಮನುಷ್ಯರೂ ಅಷ್ಟೆ.

ನಾನು ಬೆಳಿಗ್ಗೆ ಖಾಸಗಿ ಶಾಲೆಯ ಟೀಚರು, ಸಂಜೆ ಟ್ಯೂಷನ್ ಟೀಚರು. ಗಂಡನ ಸಂಬಳದಲ್ಲಿ ಮನೆಯ ಸಾಲದ ಕಂತು, ಕರೆಂಟು, ಕಿರಾಣಿ ಮುಗಿದರೆ, ಉಳಿದ ಲೋಕವೆಲ್ಲ ನನ್ನ ಟ್ಯೂಷನ್ನಿನ ಮೇಲೆ ನಡೆಯುತ್ತಿತ್ತು. ನಾವು ಬಡವರಲ್ಲ ಎಂದು ಸ್ಪಷ್ಟವಾಗಿ ಹೇಳಬೇಕು. ನಮ್ಮಲ್ಲಿ ಫ್ರಿಜ್ಜು ಇತ್ತು, ಕೂಲರ್ ಇತ್ತು, ಮಳೆ ಬಂದರೆ ಮಾತ್ರ ಮುನಿಸಿಕೊಳ್ಳುವ ಸ್ಕೂಟರ್ ಇತ್ತು. ಇಷ್ಟೆಲ್ಲ ಇದ್ದೂ ತಿಂಗಳ ಕೊನೆಯ ವಾರ ಯಾರಾದರೂ ಲಗ್ನಪತ್ರಿಕೆ ಕೊಡಲು ಬಂದರೆ, ಆಹೇರಿಗೆ ಏನು ಉಡುಗೊರೆ ಎಂಬ ಯೋಚನೆಯಲ್ಲಿ ಅವರ ಮುಖವೇ ಕಾಣುತ್ತಿರಲಿಲ್ಲ.

ಟ್ಯೂಷನ್ ನಡೆಯುತ್ತಿದ್ದದ್ದು ನಡುಮನೆಯಲ್ಲಿ. ಮಕ್ಕಳು ಬಂದು ಕೂತರೆಂದರೆ ಅತ್ತೆಯ ಟಿವಿ ಬಂದ್, ಕುಕ್ಕರ್ ಸೀಟಿ ಹೊಡೆಯುವಂತಿಲ್ಲ, ಮಾವ ಹೊರಗಿನ ಕಟ್ಟೆಗೆ. ರಾಯಚೂರಿನ ಮೇ ತಿಂಗಳ ಸಂಜೆಯಲ್ಲಿ ಆ ಕಟ್ಟೆ ಕಾದ ಹಂಚು. ಅವರು ಟವೆಲ್ ತೊಯಿಸಿ ತಲೆಯ ಮೇಲೆ ಹಾಕಿಕೊಂಡು, ಒಳಗಿನ ಪಾಠ ಮುಗಿಯುವ ತನಕ ಸುಮ್ಮನೆ ಕೂರುತ್ತಿದ್ದರು. ಒಂದು ದಿನ ನನಗೆ ತಡೆಯಲಾಗಲಿಲ್ಲ. ಕಟ್ಟೆಗೆ ಹೋಗಿ, "ಟ್ಯೂಷನ್ ಬಿಟ್ಟುಬಿಡತೀನ್ರಿ ಮಾಮಾ. ನಿಮಗ ಒಳಗ ಮಲಗಾಕ ಜಾಗಾ ಇಲ್ದಂಗ ಆಗ್ಯದ" ಅಂದೆ.

ಅವರಿಗೆ ಸಿಟ್ಟು ಬಂತು. ಸಿಟ್ಟು ಅವರಿಗೆ ಅಪರೂಪ.

"ಬಿಡಾಕ ನೀ ಯಾಕ ಹಿಡದಿದ್ದಿ? ಮ್ಯಾಲಿನ ಖೋಲಿ ಆಗ್ಲಿ. ಅದು ನಿಂದು. ನಿನ್ನ ಶಾಲಿ ಅಲ್ಲಿ. ಆವಾಗ ನಾ ಒಳಗ ಕಾಲು ಚಾಚಿ ಮಲಗತೀನಿ, ನಿಮ್ಮತ್ತಿ ಟಿವಿ ನೋಡ್ಲಿ."

ಅಂದಿನಿಂದ ಆ ಬಾಗಿಲಿನ ಹಿಂದೆ ನನಗೂ ಒಂದು ಖೋಲಿ ಕಾಣತೊಡಗಿತು. ಕರಿಹಲಗೆ ಎಲ್ಲಿ, ಕಿಟಕಿ ಯಾವ ಕಡೆ, ಎಲ್ಲ. ಮಕ್ಕಳ ಲೆಕ್ಕ ತಿದ್ದುತ್ತಾ ನಾನೇ ಅದರ ಗೋಡೆಗೆ ಬಣ್ಣ ಬಳಿದುಬಿಡುತ್ತಿದ್ದೆ.

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎನ್ನುತ್ತಾರೆ. ನಾವು ಎರಡನ್ನೂ ಒಂದೇ ಗಂಟಿನಲ್ಲಿ ಮಾಡಲು ಹೋದವರು. ಗಂಟು ಸ್ವಲ್ಪ ದಪ್ಪಗಾಯಿತು ಅನ್ನುವಷ್ಟರಲ್ಲಿ ನಾದಿನಿಯ ಮದುವೆ ಬಂತು. ಮತ್ತೆ ಕೂಡಿಸಿದೆವು, ಅತ್ತೆಯ ಗರ್ಭಕೋಶದ ಆಪರೇಷನ್ ಬಂತು. ಒಂದು ಸಲ ಇಟ್ಟಿಗೆಯೇ ಬಂದು ಅಂಗಳದಲ್ಲಿ ಇಳಿಯಿತು. ಅದೇ ತಿಂಗಳು ಬಚ್ಚಲಿನ ಗೋಡೆ ಕುಸಿದು ಇಟ್ಟಿಗೆಯೆಲ್ಲ ಅದಕ್ಕೆ ಹೋಯಿತು. ಆಗ ನಾನು ಮಾವನಿಗೆ, ಇರಲಿ, ಚೌಕಟ್ಟನ್ನಾದರೂ ಮೇಲೆ ನಿಲ್ಲಿಸಿಬಿಡೋಣ ಎಂದೆ. ಅವರು ಗಾಬರಿಯಾದರು.

"ಹಂಗ ಮಾಡಬಾರದವಾ. ಚೌಕಟ್ಟು ನಿಲ್ಲಿಸಿ ಪೂಜಾ ಮಾಡಿದ್ವಿ ಅಂದ್ರ ಮುಗೀತು, ಆಮ್ಯಾಲ ಮನಿ ಅರ್ಧಕ್ಕ ಬಿಡಾಕ ಬರಂಗಿಲ್ಲ. ಮನಿಗಿ ಛಲೋ ಅಲ್ಲ ಅದು. ಎಲ್ಲಾ ರೊಕ್ಕ ಕೂಡ್ಲಿ, ನಿಲ್ಲಸೂಣು."

ನಮ್ಮ ಕಡೆ ಗೋಡೆಗಿಂತ ಮೊದಲು ಚೌಕಟ್ಟು ನಿಲ್ಲಿಸುತ್ತಾರೆ. ಅರಿಶಿನ ಕುಂಕುಮ ಹಚ್ಚಿ, ಮಾವಿನ ತೋರಣ ಕಟ್ಟಿ, ಕಾಯಿ ಒಡೆದು, ಆಮೇಲೆ ಅದರ ಆಚೀಚೆ ಗೋಡೆ ಎಬ್ಬಿಸುತ್ತಾರೆ. ಮಾವ ಆ ನೇಮಕ್ಕೆ ಅಂಜಿದರು. ಎಲ್ಲ ದುಡ್ಡು ಒಮ್ಮೆಗೇ ಕೂಡುವ ದಿನಕ್ಕಾಗಿ ಕಾದರು. ಅಂಥ ದಿನ ನಮ್ಮಂಥವರ ಪಂಚಾಂಗದಲ್ಲಿ ಇರುವುದಿಲ್ಲ. ಒಂದು ಬೇಸಿಗೆ ಅವರು ಅದೇ ಕಟ್ಟೆಯ ಮೇಲೆ ಎದೆ ಹಿಡಿದುಕೊಂಡರು, ಆಸ್ಪತ್ರೆಯಿಂದ ಮನೆಗೆ ಬರಲಿಲ್ಲ. ಒಳಗೆ ಕಾಲು ಚಾಚಿ ಮಲಗುವುದು ಅವರಿಗೆ ದಕ್ಕಲೇ ಇಲ್ಲ. ಈ ಸಂಗತಿ ನೆನೆದರೆ ಈಗಲೂ ನನಗೆ ಅಳು ಬರುತ್ತದೆ, ಅಳುವಿನ ಹಿಂದೆಯೇ ಸಿಟ್ಟು ಬರುತ್ತದೆ.

ಈಗ ವ್ಯಾಪಾರಿಯ ಹತ್ತಿರ ಬರೋಣ, ಪಾಪ, ಅವನು ಇನ್ನೂ ಸಂದಿಯಲ್ಲೇ ನಿಂತಿದ್ದಾನೆ.

"ಇದಕ್ಕಿಂತ ಜಾಸ್ತಿ ಯಾರೂ ಇಯ್ಯರು ಅಮ್ಮಾ. ಹೋಟಲ್‌ದವರು ಕೇಳತಾ ಇದ್ದಾರ, ಅದಕ್ಕ ಇಷ್ಟು ರೇಟು" ಅಂದ ಅವನು, ಅರ್ಧ ತೆಲುಗಿನಲ್ಲಿ, ಅರ್ಧ ನಮ್ಮ ಭಾಷೆಯಲ್ಲಿ. ನಾಳೆ ಹೇಳುತ್ತೇವೆಂದು ಅವನನ್ನು ಕಳಿಸಿ ನನ್ನ ಗಂಡ ಲೆಕ್ಕ ಒಪ್ಪಿಸಿದರು. ಬಾಗಿಲು ಮಾರುವುದು. ಸರಳಿನ ಬುಡದಿಂದ ನೀರು ಇಳಿದು ಛತ್ತು ಸೋರುತ್ತಿದೆಯಲ್ಲ, ಸರಳು ಕತ್ತರಿಸಿ ಮೇಲೆ ಸಿಮೆಂಟ್ ಹಾಕಿಸುವುದು. ಉಳಿದದ್ದಕ್ಕೆ ನನ್ನ ಟ್ಯೂಷನ್ ಗಂಟು ಸೇರಿಸಿ ಎಸಿ ತರುವುದು.

"ಅವ್ವ ರಾತ್ರಿಯೆಲ್ಲಾ ಹೊರಳಾಡತಾಳ. ಓಣ್ಯಾಗ ಎಲ್ಲಾರ ಮನ್ಯಾಗ ಎಸಿ ಅದ. ಆ ಖೋಲಿ ಆಗೂದಲ್ಲ ಹೋಗೂದಲ್ಲ. ಎಷ್ಟ ದಿನ ಅಂತ ಬಾಗಲಾ ಕಾಯೂದು?"

ಅವರ ಮಾತಿನಲ್ಲಿ ತಪ್ಪಿರಲಿಲ್ಲ ಎನ್ನುವುದೇ ಕಷ್ಟ. ಎಸಿ ನನಗೂ ಬೇಕಿತ್ತು. ಅಂಗಡಿಯಲ್ಲಿ ಅದರ ಕೆಳಗೆ ನಿಂತು, ಕೊಳ್ಳುವವಳಂತೆ ನಟಿಸಿ ಬೆವರು ಆರಿಸಿಕೊಂಡು ಬಂದವಳು ನಾನು. ಆದರೆ ಸರಳು ಕತ್ತರಿಸಿ ಬಾಗಿಲು ಕಳಿಸಿದ ಮೇಲೆ ನಮಗೆ ಮೇಲೊಂದು ಖೋಲಿ ಬರುವುದಿಲ್ಲ. ನಾನು ನಿವೃತ್ತಳಾಗುವ ತನಕ ನಡುಮನೆಯಲ್ಲೇ ಪಾಠ ಹೇಳುತ್ತೇನೆ. ಇಂದು ಅತ್ತೆ ಕೂರುವ ಆ ಕಟ್ಟೆಯ ಮೇಲೆ ನಾಳೆ ನನ್ನ ಗಂಡ ತೊಯಿಸಿದ ಟವೆಲ್ ಹಾಕಿಕೊಂಡು ಕೂರುತ್ತಾರೆ. ಅದು ನನ್ನ ಕಣ್ಣಿಗೆ ಕಟ್ಟಿತು.

"ಬಾಗಲಾ ಮಾರಂಗಿಲ್ಲ" ಅಂದೆ. "ಮ್ಯಾಲ ನಿಲ್ಲಸ್ತೀನಿ."

"ರೊಕ್ಕ ಎಲ್ಲದ?"

"ಎಸಿಗೆ ಅಂದ ನನ್ನ ಟ್ಯೂಷನ್ ರೊಕ್ಕದಾಗ ಚೌಕಟ್ಟು ನಿಲ್ಲತದ, ಸುತ್ತ ಒಂದು ವರಸಿ ಇಟ್ಟಂಗಿ ಆಗತದ. ಗ್ವಾಡಿ ಬರೂ ವರ್ಷ, ಮ್ಯಾಲ ತಗಡಿನ ಪತ್ರಾಸು ಅದರ ಮುಂದಿನ ವರ್ಷ."

"ಅಪ್ಪ ಏನ ಹೇಳತಿದ್ದಾ ಮರತೇನು? ನಿಲ್ಲಿಸಿದ ಮ್ಯಾಲ ಅರ್ಧಕ್ಕ ಬಿಡಬಾರದು ಅಂತ."

"ಅದಕ್ಕ ನಿಲ್ಲಸಾಕತ್ತೀನಿ."

ಅವರು ಅತ್ತೆಯ ಕಡೆ ನೋಡಿದರು. ಅತ್ತೆ ಅಕ್ಕಿ ಆರಿಸುತ್ತಿದ್ದವರು ಮೊರದಿಂದ ತಲೆ ಎತ್ತಲಿಲ್ಲ. "ಕೂಲರಿಗಿ ಹೊಸಾ ಹುಲ್ಲ ಹಾಕಸ್ರಿ, ಸಾಕು" ಅಂದರು. ನನಗೆ ಅಷ್ಟೇ ಬೇಕಿತ್ತು.

ಗೌಂಡಿ ಮಹಬೂಬ ನಾಲ್ಕು ಮಂದಿಯನ್ನು ಕರೆತಂದ. ಬಾಗಿಲು ಮೆಟ್ಟಿಲಿನ ತಿರುವಿನಲ್ಲಿ ಸಿಕ್ಕಿಕೊಂಡಿತು. ಮೇಲೆ ಹೋಗುವ ಬಾಗಿಲಿಗೆ ಮೆಟ್ಟಿಲು ಎಷ್ಟು ಅಗಲ ಬೇಕೆಂದು ನಮ್ಮ ಮಾವ ನೋಡಿಯೇ ಇರಲಿಲ್ಲ! ಕೊನೆಗೆ ಕದ ಬೇರೆ, ಚೌಕಟ್ಟು ಬೇರೆ ಮಾಡಿ, ಹಗ್ಗ ಕಟ್ಟಿ ಹೊರಗಿನಿಂದ ಎಳೆದರು. ಓಣಿಯೆಲ್ಲ ನಿಂತು ನೋಡಿತು. ಮಹಬೂಬ ದಾರದ ತೂಗುಗುಂಡು ಇಳಿಬಿಟ್ಟು ಚೌಕಟ್ಟು ನೆಟ್ಟಗೆ ನಿಲ್ಲಿಸಿ, ಬೊಂಬು ಊರಿ, ಖೋಲಿಯ ಅಳತೆಗೆ ಸುತ್ತ ಒಂದು ಸಾಲು ಇಟ್ಟಿಗೆ ಕಟ್ಟಿ, ಸರಳಿನ ಬುಡಕ್ಕೆಲ್ಲ ಸಿಮೆಂಟು ಮೆತ್ತಿದ. ಸರಳುಗಳು ಇದ್ದಲ್ಲೇ ಇವೆ.

ಪೂಜೆ ನಿನ್ನೆ ಸಂಜೆ ಆಯಿತು. ನಾನು ಕದಗಳಿಗೆ ಕುಸುಬಿ ಎಣ್ಣೆ ತಿಕ್ಕಿದೆ, ಮಗಳ ಅ ಆ ಇ ಈ ಬಿಟ್ಟು ಉಳಿದೆಡೆಯೆಲ್ಲ. ಬಿಸಿಲು ತಗ್ಗಿದ ಮೇಲೆ ಅತ್ತೆ ಮೊಣಕಾಲು ಹಿಡಿದುಕೊಂಡು, ಮೆಟ್ಟಿಲಿಗೊಮ್ಮೆ ಮಾವನ ಹೆಸರು ಹೇಳದೆ ಬೈಯುತ್ತಾ ಹತ್ತಿ ಬಂದರು. ಹೊಸ್ತಿಲಿಗೆ ಅರಿಶಿನ ಹಚ್ಚಿ, ಬಲಗಾಲು ಮುಂದಿಟ್ಟು ಒಳಗೆ ಬಂದು, ಚಾಪೆಯ ಮೇಲೆ ಕೂತು ಕಾಲು ಚಾಚಿದರು. ತಲೆಯ ಮೇಲೆ ಆಕಾಶವಿತ್ತು. ಕೃಷ್ಣೆಯ ಕಡೆಯಿಂದ ಗಾಳಿ ಬರತೊಡಗಿತ್ತು. ಅವರು ಸುತ್ತ ನೋಡಿ, "ದೊಡ್ಡದದ ಬಿಡು" ಅಂದರು.

ಅಷ್ಟರಲ್ಲಿ ನನ್ನ ಗಂಡ ಚಹಾದ ತಾಟು ಹಿಡಿದುಕೊಂಡು ಮೇಲೆ ಬಂದರು. ಎರಡು ದಿನದಿಂದ ನನ್ನೊಡನೆ ಸರಿಯಾಗಿ ಮಾತಾಡಿರಲಿಲ್ಲ. ಬಂದವರು ಹತ್ತಿರದ ದಾರಿ ನೋಡಿ, ಆ ಒಂದು ಸಾಲು ಇಟ್ಟಿಗೆಯ ಮೇಲೆ ಕಾಲೆತ್ತಿದರು.

"ಲೇ!" ಎಂದರು ಅತ್ತೆ. "ಗ್ವಾಡಿ ಒಡಕೊಂಡು ಬರ್ತೀಯೇನು? ಅಲ್ಲಿ ಬಾಗಲಾ ಕಾಣಂಗಿಲ್ಲ?"

ನನ್ನ ಗಂಡ ಎತ್ತಿದ ಕಾಲನ್ನು ಹಾಗೇ ಹಿಡಿದು ನಿಂತರು. ನನ್ನನ್ನು ನೋಡಿದರು, ತಾಯಿಯನ್ನು ನೋಡಿದರು, ಸುತ್ತಲಿನ ಬಯಲನ್ನು ನೋಡಿದರು. ಆಮೇಲೆ ಕಾಲು ಹಿಂದಕ್ಕೆ ತೆಗೆದುಕೊಂಡು, ಇಟ್ಟಿಗೆಯ ಸಾಲಿನ ಗುಂಟ ಸುತ್ತು ಹಾಕಿಕೊಂಡು ಹೋಗಿ, ಹೊಸ್ತಿಲ ಹೊರಗೆ ಚಪ್ಪಲಿ ಬಿಟ್ಟು, ತಲೆ ತುಸು ಬಗ್ಗಿಸಿ ಬಾಗಿಲಿನಿಂದ ಒಳಗೆ ಬಂದರು.