ಒಣ ಥಂಡಿಯ ಊರು

ಕಾಕಾ ಅವರ ಎಡಗಿವಿಗೆ ಮೇಲಂಚು ಇರಲಿಲ್ಲ. ಇಲಿ ಕಡಿದ ರೊಟ್ಟಿಯಂತೆ ಅಲ್ಲೊಂದು ಕಚ್ಚು, ಸುತ್ತ ಮಿರುಗುವ ಚರ್ಮ. ಕೇಳಿದವರಿಗೆಲ್ಲ ಒಂದೇ ಉತ್ತರ: "ಸಣ್ಣಾಂವ ಇದ್ದಾಗ ನವಲಗುಂದದಾಗ ಎತ್ತು ತಿವೀತು."

ಅವರು ನಮ್ಮ ತಂದೆಯ ಗೆಳೆಯರು. ತೊಂಬತ್ತರ ದಶಕದಲ್ಲಿ ಲಂಡನ್ನಿನ ಗ್ರೀನ್‌ಫರ್ಡ್‌ನಲ್ಲಿ ನಮ್ಮಿಂದ ಎರಡು ಬೀದಿ ಆಚೆ ಮನೆ, ಗೋದಾಮೊಂದರಲ್ಲಿ ಕೆಲಸ. ನಾನು ಆಗ ಸ್ಥಳೀಯ ವಾರಪತ್ರಿಕೆಯೊಂದರ ವರದಿಗಾರ. ಲಂಡನ್ನಿಗೆ ಬರುವ ಮೊದಲು ಅವರು ಕೆನಡಾದ ವಿನಿಪೆಗ್‌ನಲ್ಲಿ, ಧಾನ್ಯ ವ್ಯಾಪಾರದ ಕಚೇರಿಯಲ್ಲಿದ್ದರು. ಎಷ್ಟು ಕಾಲ ಎಂದು ಹೇಳುತ್ತಿರಲಿಲ್ಲ. ಮಾತಿನ ವಿಸ್ತಾರ ನೋಡಿ ನಾವೇ ಹತ್ತು ವರ್ಷ ಎಂದುಕೊಂಡಿದ್ದೆವು.

ಭಾನುವಾರ ಅವರ ಮನೆಯಲ್ಲಿ ಚಹಾ, ಚುರುಮುರಿ, ಆಮೇಲೆ ವಿನಿಪೆಗ್. ಮೇಜಿನ ಮೇಲೆ ಚಮಚಗಳನ್ನಿಟ್ಟು ಊರು ಕಟ್ಟುತ್ತಿದ್ದರು. ಎರಡು ಚಮಚ ಕೂಡಿದಲ್ಲಿ ಎರಡು ನದಿ. "ಥೇಟ್ ನಮ್ಮ ಕೂಡಲಸಂಗಮ. ಮೂಲನಿವಾಸಿಗಳು ಸಾವಿರಾರು ವರ್ಷದಿಂದ ಅಲ್ಲೇ ಕೂಡ್ತಿದ್ರು." ಹೊಳೆಯಾಚೆ ಫ್ರೆಂಚ್ ಮಾತಾಡುವ ಬಡಾವಣೆ. ನಡುವೆ ರೈಲು ಹಳಿ, ಅದರ ಮೇಲೆ ಸಾಗುವ ಗೋದಿ. ಬಸ್ ಕಾರ್ಖಾನೆ, ಬ್ಯಾಲೆ ಕುಣಿತ, ಶಾಸನಸಭೆಯ ಗುಮ್ಮಟದ ತುದಿಯಲ್ಲಿ ಗೋದಿಯ ಸಿವುಡು ಹಿಡಿದು ನಿಂತ ಹೊಂಬಣ್ಣದ ಹುಡುಗನ ಪ್ರತಿಮೆ. "ನೆಲಾ ಅಂದ್ರ ನಮ್ಮ ಎರಿಹೊಲ. ಎತ್ತ ನೋಡಿದ್ರೂ ಸಪಾಟ. ನೀ ಪೇಪರಿನಾಂವ, ಬರಕೋ."

ಪಾರ್ಕ್ ರಾಯಲ್‌ನ ಬ್ರೆಡ್ ಕಾರ್ಖಾನೆಯಲ್ಲಿ ಯಂತ್ರ ರಿಪೇರಿ ಮಾಡುತ್ತಿದ್ದ ಭಾವನಿಗೆ ವಿನಿಪೆಗ್‌ಗೆ ಹೋಗುವ ಮನಸ್ಸಾಯಿತು. ಅಕ್ಕ ಮಾತ್ರ ಒಪ್ಪಲಿಲ್ಲ.

"ಅಲ್ಲಿ ಥಂಡಿ ಭಾಳ ಅಂತಾರಲ್ರಿ, ಕಾಕಾ?"

"ಒಣ ಥಂಡಿ ಅವ್ವಿ. ಇಲ್ಲೀ ಹಸಿ ಥಂಡಿಗಿಂತ ಹಿತ. ನಿಮ್ಮ ಈ ಕೌನ್ಸಿಲಿನ ಬಾಡಿಗಿ ಫ್ಲ್ಯಾಟಿನ ಬೂಷ್ಟು ಅಲ್ಲಿ ಹುಡುಕಿದ್ರೂ ಸಿಗಂಗಿಲ್ಲ."

"ನೀವೂ ಕಾಕೂನೂ ಬಂದ್ರ ಹೋಗ್ತೀನಿ. ಒಬ್ಬಾಕಿ ಒಲ್ಲೆ."

"ಬರ್ದ ಏನ್ ಮಾಡ್ಲಿ? ಮನಿ ಮಾರಿದ ಕೂಡ್ಲೇ ನಿಮ್ಮ ಬೆನ್ನಿಗೇ."

ಅಡುಗೆಮನೆಯಲ್ಲಿ ಅವರ ಹೆಂಡತಿ ಕಾಕು ನಲ್ಲಿ ತಿರುಗಿಸಿ ಕಪ್ಪು ತೊಳೆಯತೊಡಗಿದರು. ಅಕ್ಕ ಆ ಮಾತು ನಂಬಿ ಭಾವನ ಜೊತೆ ಕೆನಡಾಕ್ಕೆ ಹೊರಟಳು.

ಕಾಕಾ ಮನೆಯ ಮುಂದೆ ಮಾರಾಟದ ಫಲಕ ಏಳಲೇ ಇಲ್ಲ. ಮೊದಲು ಮಾರುಕಟ್ಟೆ ಬಿದ್ದಿದೆ ಎಂದರು, ಆಮೇಲೆ ಮೊಣಕಾಲು ನೋವು ಎಂದರು. ಜನವರಿಯಲ್ಲಿ ಅಕ್ಕನ ಫೋನ್ ಬಂತು. ಹೊರಗೆ ನಿಂತರೆ ರೆಪ್ಪೆಯ ಮೇಲೆ ಹಿಮ ಕೂರುತ್ತದೆ, ಕಾರು ಬೆಳಿಗ್ಗೆ ಎದ್ದೇಳಬೇಕಾದರೆ ಇಂಜಿನ್ ಬೆಚ್ಚಗಿರಲೆಂದು ರಾತ್ರಿಯೆಲ್ಲ ಕರೆಂಟಿಗೆ ಸಿಕ್ಕಿಸಿಡಬೇಕು ಎಂದಳು. ಆಮೇಲೆ ದನಿ ತಗ್ಗಿಸಿದಳು.

"ಬಸ್ ಸ್ಟಾಪಿನ್ಯಾಗ ಒಬ್ಬ ಮುದುಕಪ್ಪ ನಿಂತಿದ್ದ. ಅವನ ಕಿವಿ ಕಾಕಾನ ಕಿವಿ ಇದ್ದಂಗ. ನಾಚಿಕಿ ಬಿಟ್ಟು ಕೇಳಿದೆ. ಟೊಪಗಿ ಇಲ್ದ ಹೋಗಿದ್ದೆ, ಥಂಡಿ ತಿಂದುಬಿಡ್ತು ಅಂದ. ಎತ್ತಲ್ಲೋ, ತಮ್ಮಾ."

ಮರುದಿನವೇ ಕಾಕಾ ಮನೆಗೆ ಹೋಗಿ ಅವಳು ಹೇಳಿದ್ದನ್ನು ಹೇಳಿದೆ. ಅವರು ಬಸಿಯಲ್ಲಿದ್ದ ಚಹಾ ಮುಗಿಸಿದರು.

"ಎಷ್ಟು ವರ್ಷ ಇದ್ರಿ ಅಲ್ಲಿ?"

"ಒಂದು ಚಳಿಗಾಲ. ಅದೂ ಪೂರಾ ಅಲ್ಲ."

"ಅಕ್ಕಗ ಯಾಕ ಹೇಳ್ಲಿಲ್ಲ?"

"ಹೇಳಿದ್ರ ಹೋಗ್ತಿದ್ಲೇನು?"

"ಇಲ್ಲ."

"ಮತ್ತ?"

"ನೀವ್ಯಾಕ ಹೋಗ್ಲಿಲ್ಲ?"

"ನನಗ ಗೊತ್ತಿತ್ತಲ್ಲೋ." ಬಸಿಯನ್ನು ಪಕ್ಕಕ್ಕೆ ಸರಿಸಿ ಹೇಳಿದರು: "ಊರು ಛಲೋ ಐತಿ. ನನಗ ತಡಕೊಳ್ಳಾಕ ಆಗ್ಲಿಲ್ಲ. ನಮ್ಮ ಪೈಕಿ ಯಾರಿಗಾದ್ರೂ ಆಗ್ತದೇನು ನೋಡಬೇಕಿತ್ತು."

ಕ್ಷಮೆ ಕೇಳಲಿಲ್ಲ. ಮುಂದಿನ ಯುಗಾದಿ ಕೂಟದಲ್ಲಿ, ಹೊಸದಾಗಿ ಬಂದ ಬೆಂಗಳೂರಿನ ಐಟಿ ದಂಪತಿಗೆ ಅವರು ಹೇಳುತ್ತಿದ್ದುದು ನನ್ನ ಕಿವಿಗೇ ಬಿತ್ತು: "ಒಣ ಥಂಡಿ ರೀ. ನಮ್ಮ ಹುಡುಗಿ ಅಲ್ಲೇ ಅದಾಳ. ಅರಾಮ್ ಅದಾಳ." ಅಂದಿನಿಂದ ಅವರ ಮನೆಗೆ ಹೋಗುವುದನ್ನು ಬಿಟ್ಟೆ.

ಅಕ್ಕ ಆ ಹೊತ್ತಿಗೆ ಅರಾಮಾಗಿರಲಿಲ್ಲ. ಭಾವನಿಗೆ ಬಸ್ ಕಾರ್ಖಾನೆಯಲ್ಲಿ ಪಾಳಿ ಕೆಲಸ. ಇವಳು ದಿನವಿಡೀ ಒಬ್ಬಳೇ. ಕೌನ್ಸಿಲಿಗೆ ಬಿಟ್ಟುಕೊಟ್ಟಿದ್ದರಿಂದ ಮರಳಲು ಇಲ್ಲಿ ಫ್ಲ್ಯಾಟ್ ಉಳಿದಿರಲಿಲ್ಲ. ಮಾರ್ಚ್‌ವರೆಗೆ ಕಿಟಕಿಯ ಪರದೆ ತೆರೆಯುತ್ತಿರಲಿಲ್ಲವಂತೆ. ಅರಾಮಾಗಲು ಅವಳಿಗೆ ವರ್ಷಗಳೇ ಹಿಡಿದವು.

ಎರಡು ಸಾವಿರದ ನಂತರದ ಒಂದು ಶರತ್ಕಾಲದಲ್ಲಿ ಕಾಕಾ ತೀರಿಕೊಂಡರು. ಕನ್ನಡ ಬಳಗದ ವಾರ್ತಾಪತ್ರಕ್ಕೆ ನಾಲ್ಕು ಸಾಲು ಬರೆದುಕೊಡು ಎಂದು ಕಾಕು ನನ್ನನ್ನೇ ಕೇಳಿದರು. "ವಿನಿಪೆಗ್ ಅಂದ್ರ ಅವರಿಗೆ ಜೀವ ಅಂತ ಬರಿಯಪ್ಪಾ."

ಬರೆಯುವ ಮೊದಲು ಅಕ್ಕನಿಗೆ ಫೋನ್ ಮಾಡಿದೆ. ಸುದ್ದಿ ಕೇಳಿ, ಕಾಕು ಹೇಗಿದ್ದಾರೆ ಎಂದು ವಿಚಾರಿಸಿದಳು. ಕಾಕು ಹೇಳಿದ ಸಾಲನ್ನು ಓದಿ, ಹಾಕಲೋ ಬೇಡವೋ ಎಂದೆ.

"ಹಾಕು. ಅದೇನ್ ಸುಳ್ಳಲ್ಲ," ಎಂದಳು. "ಜೀವ ಇಟ್ಟಾಂವ ಅವ. ಇಲ್ಲಿ ಇದ್ದಾಕಿ ನಾನು."