ಗುರುತು ಹೇಳುವ ಕೆಲಸ

ನಮ್ಮೂರು ಕೋಸಗಿಯ ಹತ್ತಿರ. ಹತ್ತನೆಯ ತರಗತಿ ಓದಿದವನೆಂದು ಪಕ್ಷದವರು ಹರೆಯದಲ್ಲೇ ನನ್ನನ್ನು ಮತಗಟ್ಟೆಯಲ್ಲಿ ಏಜೆಂಟಾಗಿ ಕೂರಿಸಿದರು. ತಲೆ ನೆರೆಯುವವರೆಗೂ ಕೂತೆ. ಒಳಗೆ ಬಂದವರು ತಾವು ಹೇಳುವ ಮನುಷ್ಯರೇ ಹೌದೋ ಅಲ್ಲವೋ ನೋಡುವುದು ನನ್ನ ಕೆಲಸ. ಅಧಿಕಾರಿ ಬೇರೆ ಊರಿನವರು; ಅವರಿಗೆ ನಮ್ಮ ಮುಖಗಳು ಗೊತ್ತಿರುವುದಿಲ್ಲ.

ಎದುರು ಪಕ್ಷದ ಏಜೆಂಟು ನನ್ನ ಷಡ್ಡಕ. ಹೊರಗೆ ಇಬ್ಬರಿಗೂ ಜಗಳ, ಒಳಗೆ ಒಂದೇ ಬುತ್ತಿ. ನಮ್ಮ ಕಡೆ ಅನೇಕ ಮನೆಯವರು ಸುಗ್ಗಿಗೆಂದು ಗುಂಟೂರಿಗೆ ಮೆಣಸಿನಕಾಯಿ ಬಿಡಿಸಲು ಹೋಗಿಬಿಡುತ್ತಾರೆ. ಬಾರದವರ ಓಟನ್ನು ಮಧ್ಯಾಹ್ನ ಜನ ತೆಳುವಾದ ಮೇಲೆ ನಾವಿಬ್ಬರೂ ಹಂಚಿಕೊಳ್ಳುತ್ತಿದ್ದೆವು, ಒಂದು ನಿನಗೆ, ಒಂದು ನನಗೆ. ಬೇರೆ ಯಾರನ್ನೋ ಒಳಗೆ ಕರೆದು, ಇಬ್ಬರೂ ಹೌದು ಎನ್ನುತ್ತಿದ್ದೆವು. ಎದುರಾಳಿಗಳಿಬ್ಬರೂ ಒಪ್ಪಿದ ಮೇಲೆ ಅಧಿಕಾರಿ ಯಾಕೆ ಅನುಮಾನಪಟ್ಟಾರು? ನಮಗೂ ಅದು ಮೋಸ ಅನ್ನಿಸಿರಲಿಲ್ಲ. ಸುಮ್ಮನೆ ಹಾಳಾಗುವ ಓಟು ಅಂದುಕೊಂಡಿದ್ದೆವು.

ಒಂದು ಚುನಾವಣೆಗೆ ಪಕ್ಕದ ಮನೆಯ ಹೆಣ್ಣುಮಗಳು ಗುಂಟೂರಿನಿಂದ ಬಂದಳು. ನಾನೇ ಫೋನು ಮಾಡಿ ಬಾ ಅಂದಿದ್ದೆ. ರೈಲು ತಡವಾಗಿ, ಮತಗಟ್ಟೆ ಮುಚ್ಚುವ ಹೊತ್ತಿಗೆ ಏದುಸಿರು ಬಿಡುತ್ತ ಒಳಗೆ ಬಂದಳು. ಇನ್ನು ಬರಲಿಕ್ಕಿಲ್ಲವೆಂದು ಅವಳ ಓಟನ್ನು ಆಗಲೇ ಷಡ್ಡಕನ ಪಾಲಿಗೆ ಬಿಟ್ಟಾಗಿತ್ತು. ಗುರುತಿನ ಚೀಟಿಯನ್ನು ಅವಳು ಅಲ್ಲಿ ಕೂಲಿಯವರ ಗುಡಾರದಲ್ಲೇ ಬಿಟ್ಟು ಬಂದಿದ್ದಳು. ಚೀಟಿ ಯಾತಕ್ಕೆ, ಕಾಕಾ ಅಲ್ಲೇ ಕುಂತಿರ್ತಾನ ಅಂತ ಅವಳ ಧೈರ್ಯ.

ಈ ಹೆಸರಿನ ಓಟು ಬಿದ್ದುಹೋಗಿದೆ ಎಂದರು ಅಧಿಕಾರಿ. ಇವಳೇ ಆ ಹೆಸರಿನವಳಾದರೆ ಬೇರೆ ಮತಪತ್ರ ಕೊಡಬಹುದು ಎಂದು ನಮ್ಮ ಕಡೆ ತಿರುಗಿದರು. ಷಡ್ಡಕ ಗೋಡೆ ನೋಡಿದ. ಹೌದೆಂದರೆ, ಮಧ್ಯಾಹ್ನ ಬಂದವಳು ಯಾರು ಎಂಬ ಪ್ರಶ್ನೆ ನಮ್ಮ ಕೊರಳಿಗೇ ಬರುತ್ತಿತ್ತು.

"ಗೊತ್ತಿಲ್ರಿ," ಅಂದೆ.

ಅವಳು ಕೂಗಾಡಲಿಲ್ಲ. "ನನ್ನ ಲಗ್ನದಾಗ ನಿಂತು ಬಡಿಸಿದಿ. ಈಗ ಗೊತ್ತಿಲ್ಲೇನು, ಕಾಕಾ?"

ಅವಳು ಅಧಿಕಾರಿಯ ಮುಂದೆ ಬೆರಳು ಚಾಚಿದಳು. "ಓಟು ಬ್ಯಾಡ ಬಿಡ್ರಿ, ಮಸಿನರ ಹಚ್ರಿ. ಓಟು ಹಾಕ್ತೀನಂತ ಹೇಳಿ ಬಂದೀನಿ, ಅಲ್ಲಿ ಮಂದಿ ನಗ್ತಾರ." ಅದಕ್ಕೂ ಕಾನೂನಿನಲ್ಲಿ ದಾರಿ ಇರಲಿಲ್ಲ. ಮನೆಗೂ ಹೋಗದೆ ಸ್ಟೇಷನ್ನಿನ ಕಡೆ ನಡೆದುಬಿಟ್ಟಳು. ಯಾರಾದರೂ ಬಂದು ವಿಚಾರಿಸುತ್ತಾರೆಂದು ಎಷ್ಟೋ ದಿನ ಅಂಜಿಕೊಂಡೇ ಕಾದೆ. ಯಾರೂ ಬರಲಿಲ್ಲ. ಆಮೇಲೆ ನನಗೇ ಒಂಥರಾ ಸಿಟ್ಟು ಬಂತು, ಇಷ್ಟು ಸುಲಭವಾಗಿ ನನ್ನನ್ನು ನಂಬಿಬಿಟ್ಟರಲ್ಲ ಅಂತ.

ಈಗ ಚಹಾದಂಗಡಿಯಲ್ಲಿ ಚುನಾವಣಾ ಆಯೋಗದ ಮಾತೇ ಮಾತು. ಅದರ ಆಯುಕ್ತರನ್ನು ಯಾರು ನೇಮಿಸಬೇಕು, ಮುಂದೆ ಅದು ಸ್ವತಂತ್ರವಾಗಿ ಉಳಿಯುತ್ತದೋ ಇಲ್ಲವೋ ಅಂತ. ಮೇಲಿನವರು ಮಾರಾಟವಾಗಿದ್ದಾರೆ ಎನ್ನುತ್ತಾರೆ ಹುಡುಗರು. ಇರಬಹುದು, ನನಗೆ ಗೊತ್ತಿಲ್ಲ. ನನ್ನನ್ನಂತೂ ಯಾರೂ ಕೊಂಡಿರಲಿಲ್ಲ, ಯಾರೂ ಹೆದರಿಸಿರಲಿಲ್ಲ. ಆಯೋಗಕ್ಕೆ ನಮ್ಮೂರಿನಲ್ಲಿ ಇದ್ದದ್ದು ನನ್ನ ಕಣ್ಣು. ಅದನ್ನು ನಾನೇ ಮುಚ್ಚಿದೆ.

ಮೊನ್ನೆ ಮತದಾರರ ಪಟ್ಟಿ ಪರಿಶೀಲನೆಗೆ ನಮ್ಮೂರ ಗ್ರಾಮ ಸಚಿವಾಲಯದ ಹುಡುಗಿ ಬಂದಿದ್ದಳು. ಪಕ್ಕದ ಮನೆಗೆ ಬೀಗ. ಇವರು ಇಲ್ಲಿಯವರೇನಾ ಎಂದು ನನ್ನನ್ನು ಕೇಳಿದಳು. ಹೌದಮ್ಮ, ನನಗೆ ಚೆನ್ನಾಗಿ ಗೊತ್ತು, ಹೆಸರು ತೆಗೆಯಬೇಡ ಅಂದೆ. ಖಾತ್ರಿಗೆಂದು ಅವಳು ಗುಂಟೂರಿನಲ್ಲಿದ್ದ ಆ ಹೆಣ್ಣುಮಗಳಿಗೆ ಫೋನು ಹಚ್ಚಿ, ಸ್ಪೀಕರ್ ಹಾಕಿ, ನಿಮ್ಮ ಪಕ್ಕದ ಮನೆಯ ಅಜ್ಜ ಗುರುತು ಹೇಳಿದ್ದಾರೆ ಎಂದಳು.

"ತೆಗೆದುಬಿಡ್ರಿ," ಅಂದಳು ಆಕೆ ಆ ಕಡೆಯಿಂದ. "ಓಟಿಗಂತ ನಾ ಇನ್ನ ಬರಂಗಿಲ್ಲ."